ಸಿಇಟಿ ಅಂಕ, ಮೊದಲ ಸೆಮಿಸ್ಟರ್ ಫಲಿತಾಂಶ: ಲೆಕ್ಕ ಎಲ್ಲಿ ಎಡವುತ್ತದೆ?

ಪ್ರಶ್ನೆ: ನಮ್ಮ ಎಂಜಿನಿಯರಿಂಗ್ ಕಾಲೇಜಿನ 60 ವಿದ್ಯಾರ್ಥಿಗಳ ಸಿಇಟಿ ರ‍್ಯಾಂಕನ್ನು ಮೊದಲ ಸೆಮಿಸ್ಟರಿನ ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಅಂಕ) ಜತೆ ಹೋಲಿಸಿದೆವು. ಒಳ್ಳೆಯ ರ‍್ಯಾಂಕನ್ನು ಹೆಚ್ಚೆಂದು ಎಣಿಸಿದರೂ ಸಹಸಂಬಂಧ (ಎರಡೂ ಎಷ್ಟರಮಟ್ಟಿಗೆ ಜತೆಯಾಗಿ ಏರಿಳಿಯುತ್ತವೆ ಎಂಬ ಅಳತೆ; ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1) ಬರೀ 0.2. ಹಾಗಾದರೆ ಸಿಇಟಿಗೆ ಅರ್ಥವೇ ಇಲ್ಲವೇ? – ಉಪನ್ಯಾಸಕರು, ಹಾಸನ

ಉತ್ತರ: ಅಷ್ಟು ಬೇಗ ತೀರ್ಪು ಬೇಡ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿ ಅಂಕಕ್ಕೂ ಅರ್ಧ ಪಾಲು ಇದೆ. ಅಂದರೆ ನೀವು ಹೋಲಿಸಿದ್ದು ಸಿಇಟಿಯೊಂದನ್ನೇ ಅಲ್ಲ. ರ‍್ಯಾಂಕ್ ಬಿಟ್ಟು ಸಿಇಟಿಯಲ್ಲಿ 180ಕ್ಕೆ ಬಂದ ಅಂಕ ತೆಗೆದುಕೊಳ್ಳಿ.

ನಿಜವಾದ ತೊಡಕು ಬೇರೆ. ನಿಮ್ಮ ತರಗತಿಯಲ್ಲಿರುವವರು ಒಂದೇ ಜರಡಿಯಿಂದ ಇಳಿದವರು, ಅಂದರೆ ಹತ್ತಿರಹತ್ತಿರದ ರ‍್ಯಾಂಕಿನವರು. ಅಂಕಗಳ ಹರವು ಕಿರಿದಾದಷ್ಟೂ ಸಹಸಂಬಂಧ ಕುಗ್ಗುತ್ತದೆ. ಎಲ್ಲ ಅಭ್ಯರ್ಥಿಗಳ ಅಂಕದ ಮಾನಕ ವಿಚಲನೆ (ಹರವಿನ ಅಳತೆ) ನಿಮ್ಮ ತರಗತಿಯದರ ಎರಡು ಪಟ್ಟು ಎಂದಿಟ್ಟುಕೊಳ್ಳಿ. ಹೀಗೆ ಕುಗ್ಗಿದ ಸಹಸಂಬಂಧವನ್ನು ಸರಿಪಡಿಸುವ ಥಾರ್ನ್‌ಡೈಕ್ ಸೂತ್ರದಂತೆ 0.2 × 2 = 0.4. ಇದನ್ನು 1 + 0.04 × 3 (0.04 ಎಂದರೆ 0.2ರ ವರ್ಗ, 3 ಎಂದರೆ 2ರ ವರ್ಗದಲ್ಲಿ 1 ಕಳೆದದ್ದು), ಅಂದರೆ 1.12ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 0.38. ಆಯ್ಕೆ ಸಿಇಟಿಯೊಂದರಿಂದಲೇ ನಡೆದಿಲ್ಲವಾದ್ದರಿಂದ ಇದೂ ಸ್ಥೂಲ ಅಂದಾಜೇ.

ಇನ್ನೊಂದು ಸಂಗತಿ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಹೆಚ್ಚುಕಡಿಮೆ ಒಂದೇ ರ‍್ಯಾಂಕಿನವರಲ್ಲಿ ಸಿಇಟಿ ಅಂಕ ಕಡಿಮೆ ಇದ್ದವರ ಪಿಯುಸಿ ಅಂಕ ಹೆಚ್ಚಿರಲೇಬೇಕು, ಇಲ್ಲದಿದ್ದರೆ ಆ ಸೀಟು ಸಿಗುತ್ತಲೇ ಇರಲಿಲ್ಲ. ಪಿಯುಸಿಯಲ್ಲಿ ಕಟ್ಟುನಿಟ್ಟಾಗಿ ಓದಿದವರು ಸೆಮಿಸ್ಟರಿನಲ್ಲೂ ಹಾಗೇ ಓದಿದರೆ ಸಿಇಟಿಯ ಪಾತ್ರ ಇಲ್ಲವೆಂಬಂತೆ, ಕೆಲವೊಮ್ಮೆ ತಲೆಕೆಳಗಾಗಿಯೂ ಕಾಣುತ್ತದೆ. ಆದ್ದರಿಂದ ಎರಡೂ ಅಂಕಗಳನ್ನು ಒಂದೇ ಹಿಂಚಲನ (ರಿಗ್ರೆಷನ್) ಸಮೀಕರಣದಲ್ಲಿ ಸೇರಿಸಿ; ಒಂದೊಂದರ ಪಾತ್ರ ಬೇರೆಯಾಗಿ ಕಾಣುತ್ತದೆ.

60 ಜನ ಸಾಲುವುದೂ ಇಲ್ಲ. ಅಷ್ಟರಲ್ಲಿ 0.2 ಬಂದರೆ ಶೇ 95ರ ವಿಶ್ವಾಸಾಂತರ (ನಿಜವಾದ ಸಹಸಂಬಂಧ ಇರಬಹುದಾದ ವ್ಯಾಪ್ತಿ) –0.06ರಿಂದ 0.43ರವರೆಗೆ ಚಾಚುತ್ತದೆ. ಮೂರ್ನಾಲ್ಕು ಬ್ಯಾಚ್ ಕೂಡಿಸಿ. ಆದರೆ ಪ್ರತಿ ಬ್ಯಾಚಿನ, ಪ್ರತಿ ವಿಭಾಗದ ಅಂಕಗಳನ್ನು ಮೊದಲು ಅದರದರ ಸರಾಸರಿಗೆ ಹೊಂದಿಸಿಕೊಳ್ಳಿ. ಮ್ಯಾನೇಜ್‌ಮೆಂಟ್ ಸೀಟಿನವರನ್ನು ಬೇರೆ ಇಡಿ. ಫೇಲಾದವರನ್ನು ಪಟ್ಟಿಯಿಂದ ಅಳಿಸಬೇಡಿ. ಅವರನ್ನು ಬಿಟ್ಟರೆ ಹರವು ಇನ್ನಷ್ಟು ಕಿರಿದಾಗುತ್ತದೆ.

ಪ್ರಶ್ನೆ: ಸಿಇಟಿ ಅಂಕ ನೋಡಿ ಮೊದಲ ವಾರವೇ ‘ಹಿಂದುಳಿದವರ’ ಪಟ್ಟಿ ಮಾಡಬಹುದೇ? – ಓದುಗರೊಬ್ಬರು, ಕಲಬುರಗಿ

ಉತ್ತರ: ಬೇಡ. ಸಹಸಂಬಂಧ 0.38 ಇದ್ದರೂ, ಎಲ್ಲರಿಗೂ ಸರಾಸರಿಯನ್ನೇ ಊಹಿಸಿದಾಗ ಆಗುವ ತಪ್ಪಿಗಿಂತ ಶೇ 7ರಷ್ಟು ಮಾತ್ರ ತಪ್ಪು ಕಡಿಮೆಯಾಗುತ್ತದೆ. ಗುಂಪಿನ ಬಗ್ಗೆ ಏನಾದರೂ ಹೇಳಬಹುದು, ಒಬ್ಬ ಹುಡುಗಿಯ ಬಗ್ಗೆ ಅಲ್ಲ. ಮೊದಲ ಆಂತರಿಕ ಪರೀಕ್ಷೆಯವರೆಗೆ ಕಾಯಿರಿ. ಆ ಅಂಕ, ಹಾಜರಿ, ಸಲ್ಲಿಸದೆ ಬಿಟ್ಟ ಅಸೈನ್‌ಮೆಂಟ್‌ಗಳನ್ನು ಒಟ್ಟಿಗೆ ನೋಡಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಗಣಿತಕ್ಕಿಂತ ಇಂಗ್ಲಿಷೇ ತೊಡಕಾಗುವುದುಂಟು. ಅವರ ವಿಷಯದಲ್ಲಿ ಎರಡನೇ ಸೆಮಿಸ್ಟರಿನ ಅಂಕವನ್ನೂ ನೋಡಿಯೇ ಲೆಕ್ಕ ಹಾಕಿ.