ಓದುಗರು ಕೇಳಿದ್ದಾರೆ: ಮುಳುಗಿದ ಹಡಗಿನ ಬಳಿ ಮೊದಲ ಡೈವ್

ಈ ಸಂಚಿಕೆಯಲ್ಲಿ ಉತ್ತರಿಸುವವರು ಕಾರವಾರದ ಕಡೆಯವರು, ಈಗ ವಾಸ್ಕೊದಲ್ಲಿ ಡೈವಿಂಗ್ ಕಲಿಸುತ್ತಾರೆ.

ಡಿಸೆಂಬರ್‌ನಲ್ಲಿ ಗೋವಾಕ್ಕೆ ಬರ್ತಿದ್ದೇನೆ. ನೀರಿನಡಿ ಮುಳುಗಿದ ಹಡಗು ನೋಡಬೇಕೆಂಬ ಆಸೆ. ಈಜು ಬರುವುದಿಲ್ಲ. ಆಗುತ್ತಾ?
— ಐಟಿ ಉದ್ಯೋಗಿ, ಕೊತ್ರುಡ್, ಪುಣೆ

ಆಗುತ್ತೆ. ಮೊದಲ ಸಲದವರಿಗೆ ಟ್ರೈ ಡೈವ್ ಅಂತ ಇದೆ. ಇನ್‌ಸ್ಟ್ರಕ್ಟರ್ ಜೊತೆಯಲ್ಲೇ ಇರ್ತಾರೆ, 12 ಮೀಟರ್‌ಗಿಂತ ಕೆಳಗೆ ಇಳಿಸುವುದಿಲ್ಲ. ಇದಕ್ಕೆ ಈಜು ಬರಲೇಬೇಕು ಅಂತಿಲ್ಲ. ಸರ್ಟಿಫಿಕೇಟ್ ಕೋರ್ಸ್ ಮಾಡುವುದಾದರೆ ಮಾತ್ರ 200 ಮೀಟರ್ ನಿಲ್ಲದೆ ಈಜಿ ತೋರಿಸಬೇಕು. ವಾಸ್ಕೊ ಎದುರಿಗೆ ಕಾಣುವ ಗ್ರಾಂಡೆ ದ್ವೀಪದ ಹತ್ತಿರ ‘ಸೂಜೀಸ್ ರೆಕ್’ ಅಂತ ಹಡಗು ಮುಳುಗಿದ ಒಂದು ಜಾಗವಿದೆ. ಹೊಸಬರಿಗೆ ಸಾಮಾನ್ಯವಾಗಿ ತೋರಿಸುವುದು ಅದನ್ನೇ. ಆ ಹಡಗಿನ ಬಗ್ಗೆ ಒಬ್ಬೊಬ್ಬ ದೋಣಿಯವ ಒಂದೊಂದು ಕಥೆ ಹೇಳ್ತಾನೆ. ಕೇಳಿ ಖುಷಿಪಡಿ, ನಂಬಲೇಬೇಕು ಅಂತೇನಿಲ್ಲ.

ಸಿನಿಮಾದಲ್ಲಿ ತೋರಿಸುವ ಹಾಗೆ ಇಡೀ ಹಡಗು ನೆಟ್ಟಗೆ ಕೂತಿರುತ್ತೆ ಅಂದುಕೊಂಡು ಬರಬೇಡಿ. ಕಡಿಮೆ ಆಳದ ಹಡಗನ್ನು ಮಳೆಗಾಲದ ಅಲೆಗಳು ವರ್ಷ ವರ್ಷ ಕುಟ್ಟಿರುತ್ತವೆ. ಕಬ್ಬಿಣದ ತಟ್ಟೆ, ಬಾಗಿದ ಪಟ್ಟಿ, ಚೂರುಚಾರು, ಅಷ್ಟೇ. ಗೋವಾದ ನೀರು ತಿಳಿಯೂ ಅಲ್ಲ. ನಾಲ್ಕೈದು ಮೀಟರ್ ದೂರ ಕಂಡರೆ ಒಳ್ಳೆಯ ದಿನ. ತಿಳಿನೀರೇ ಬೇಕು ಅಂದರೆ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪ ನೋಡಿ. ಆದರೆ ಇಲ್ಲಿನ ಹಡಗನ್ನು ಒಂದು ಮೊಳ ದೂರದಲ್ಲಿ ನಿಂತು ನೋಡಬೇಕು. ನೀರಿನೊಳಗೆ ಮೊದಲು ಮಾಯವಾಗುವುದು ಕೆಂಪು ಬಣ್ಣ. ತುಕ್ಕು ಹಿಡಿದ ತಟ್ಟೆ ಬರೀ ಬೂದಿ ಬಣ್ಣಕ್ಕೆ ಕಾಣುತ್ತೆ. ಅದರ ಮೇಲೆ ಟಾರ್ಚ್ ಬಿಟ್ಟ ಕೂಡಲೇ ತುಕ್ಕಿನ ಕೆಂಪು, ಅಂಟಿಕೊಂಡ ಸ್ಪಂಜಿನ ಕಿತ್ತಳೆ ಎದ್ದು ಬರುತ್ತೆ. ಟಾರ್ಚ್ ಇದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಅಣ್ಣಾ, ನನ್ನ ಮಗಳು ಕಾಲೇಜಿನ ಗೆಳತಿಯರ ಜೊತೆ ಹೊರಟಿದ್ದಾಳೆ. ಹತ್ತು ಮೀಟರ್ ಅಷ್ಟೇ ಅಮ್ಮಾ, ಏನೂ ಆಗಲ್ಲ ಅಂತಾಳೆ. ಹೌದಾ?
— ಗೃಹಿಣಿ, ವಾಸ್ಕೊ

ಅಕ್ಕಾ, ಕಳಿಸಿ. ಆದರೆ ಆ ‘ಅಷ್ಟೇ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನೀರಿನ ಮೇಲಿದ್ದಾಗ ನಮ್ಮ ಮೈಮೇಲೆ ಒಂದು ಪಾಲು ಗಾಳಿಯ ಒತ್ತಡ ಇರುತ್ತೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಅದು ಎರಡು ಪಾಲು. ಅದು ಮತ್ತೆ ದುಪ್ಪಟ್ಟಾಗಲು ಮೂವತ್ತು ಮೀಟರ್‌ವರೆಗೆ ಹೋಗಬೇಕು. ಅಂದರೆ ಕಿವಿಗೂ ಶ್ವಾಸಕೋಶಕ್ಕೂ ಜಾಸ್ತಿ ಕಾಟ ಕೊಡುವುದು ಈ ಮೊದಲ ಹತ್ತು ಮೀಟರ್. ಹೊಸಬರು ಓಡಾಡುವುದೂ ಅಲ್ಲೇ.

ಮಗಳಿಗೆ ಎರಡು ಮಾತು ಹೇಳಿ ಕಳಿಸಿ. ಒಂದು ಕಿವಿಯದ್ದು. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಉಸಿರು ಒತ್ತಿದರೆ ಕಿವಿ ‘ಪಟ್’ ಅನ್ನುತ್ತೆ. ಪ್ರತಿ ಮೀಟರ್‌ಗೂ ಹೀಗೆ ಮಾಡಬೇಕು, ನೋವು ಬರುವ ಮೊದಲೇ. ನೋವು ಬಂತಾ, ಜೋರಾಗಿ ಒತ್ತಬಾರದು. ಸ್ವಲ್ಪ ಮೇಲೆ ಬಂದು ಮತ್ತೆ ನೋಡಬೇಕು. ನೆಗಡಿ ಇದ್ದರೆ ಆ ದಿನ ಬೇಡವೇ ಬೇಡ. ದುಡ್ಡು ಕಟ್ಟಿದ್ದೇನೆ ಅಂತ ಮೂಗಿಗೆ ಡ್ರಾಪ್ಸ್ ಹಾಕಿಕೊಂಡು ದೋಣಿ ಹತ್ತುವವರಿದ್ದಾರೆ. ಅವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಇನ್ನೊಂದು, ಉಸಿರು ಕಟ್ಟಲೇಬಾರದು. ಕೆಳಗೆ ತುಂಬಿಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತೆ. ಬಾಯಿ ಕಟ್ಟಿದ ಬಲೂನಿನ ಹಾಗೆ. ಗಾಬರಿಯಾಗಿ ಉಸಿರು ಹಿಡಿದು ಸರ್‍ರನೆ ಮೇಲೆ ಬಂದರೆ ಶ್ವಾಸಕೋಶಕ್ಕೆ ಪೆಟ್ಟು. ಇದಕ್ಕೆ ದೊಡ್ಡ ಆಳ ಬೇಕಾಗಿಲ್ಲ, ಒಂದೆರಡು ಮೀಟರ್ ಸಾಕು.

ದೋಣಿ ಹತ್ತುವ ಮೊದಲು ಆರೋಗ್ಯದ ಫಾರ್ಮ್ ತುಂಬಿಸಿಕೊಳ್ತಾರೆ. ಅಸ್ತಮಾ, ಹೃದಯದ ತೊಂದರೆ, ಕಿವಿ ಆಪರೇಷನ್, ಏನಿದ್ದರೂ ಮುಚ್ಚಿಡದೆ ಬರೆಯಲಿ. ಫಾರ್ಮೇ ಕೇಳದ ದೋಣಿಯಾದರೆ ಹತ್ತುವುದೇ ಬೇಡ. ಮತ್ತೆ ಹಡಗಿನ ಒಳಗೆ ನುಗ್ಗುವಂತಿಲ್ಲ, ಬರೀ ಹೊರಗಿನಿಂದ ನೋಡಬೇಕು. ಒಳಗೆ ಒಂದು ಸಲ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಬಡಿದರೆ ರಾಡಿ ಎದ್ದು ಬಾಗಿಲು ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ.

ಬೆಳಗ್ಗೆ ಡೈವ್ ಮುಗಿಸಿ ಸಂಜೆ ಬಸ್ಸಿಗೆ ಬೆಳಗಾವಿಗೆ ಹೊರಡಬಹುದೇ? ವಿಮಾನ ಹತ್ತಬಾರದು ಅಂತ ಗೊತ್ತು, ಬಸ್ಸಿಗೇನು?
— ಬ್ಯಾಂಕ್ ಉದ್ಯೋಗಿ, ಮಡಗಾಂವ್

ಇದನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿದ್ದು ಒಳ್ಳೆಯದಾಯಿತು. ನೀರಿನಡಿ ಒತ್ತಡಕ್ಕೆ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗಿ ಕೂತಿರುತ್ತೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಗುಳ್ಳೆಯಾಗಿ ಕೀಲುನೋವು ಬರಬಹುದು, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಒಂದೇ ಡೈವ್ ಆದರೆ 12 ಗಂಟೆ, ಎರಡು ಮೂರು ಆದರೆ 18 ಗಂಟೆ ಬಿಡಿ ಅನ್ನುವ ನಿಯಮ ಬರೀ ವಿಮಾನಕ್ಕಲ್ಲ, ಸುಮಾರು 600 ಮೀಟರ್ ದಾಟುವ ದಾರಿಗೂ ಸೇರಿ. ಚೋರ್ಲಾ ಘಾಟಿ ಹತ್ತಿರ ಹತ್ತಿರ 800 ಮೀಟರ್. ಬೆಳಗಾವಿ ಊರೇ ಎತ್ತರದಲ್ಲಿದೆ. ಒಂದು ಗಿಡ್ಡ ಡೈವ್‌ಗೆ ಅಪಾಯ ಕಮ್ಮಿ, ನಿಜ. ಆದರೂ ರಾತ್ರಿ ಇಲ್ಲೇ ಉಳಿದು ಬೆಳಗ್ಗೆ ಹೊರಡಿ. ಮುಂಬೈಗೆ ಹೋಗುವವರಿಗೆ ಈ ರಗಳೆ ಇಲ್ಲ, ಕೊಂಕಣ ರೈಲು ಕರಾವಳಿ ಹಿಡಿದೇ ಹೋಗುತ್ತೆ.

ಗೋವಾ ಸಮುದ್ರದ ತಳದಲ್ಲಿ ಮಂಗಳೂರು ಹೆಂಚು ಸಿಕ್ಕಿತ್ತಂತೆ, ನಿಜವೇ? ಡೈವ್ ಮಾಡಿದಾಗ ಒಂದು ಚೂರು ತರಬಹುದೇ?
— ನಿವೃತ್ತ ಶಿಕ್ಷಕ, ಫೋಂಡಾ

ನಿಜ ಸರ್. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಸೇಂಟ್ ಜಾರ್ಜ್ ಬಂಡೆಸಾಲಿನ ಹತ್ತಿರ ಒಡೆದ ಹಡಗಿನ ಸರಕು ಹುಡುಕಿದಾಗ ಹೆಂಚುಗಳು ಸಿಕ್ಕವು. ಮೇಲೆ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಹೆಸರು, 1865 ಅನ್ನುವ ಇಸವಿ. ಹಡಗು ಆ ವರ್ಷ ಮುಳುಗಿತು ಅಂತ ಅಲ್ಲ, ಕಾರ್ಖಾನೆ ಶುರುವಾದ ವರ್ಷ ಅದು. ಕಿಟ್ಟೆಲ್ ನಿಘಂಟು ಅಚ್ಚು ಹಾಕಿದ ಮಿಷನ್ನಿನವರ ಹೆಂಚೇ ಇವು. ಸುಂಚಿ ಬಂಡೆಸಾಲಿನ ಬಳಿ ಸಿಕ್ಕ ಇನ್ನೊಂದು ಹಡಗು ಪೋರ್ಚುಗೀಸರ ಕಾಲದ್ದು. ಅದರಲ್ಲಿ ಆನೆ ದಂತ, ನೀರುಕುದುರೆ ಹಲ್ಲು ಕೂಡ ಇತ್ತು.

ಚೂರು ಮಾತ್ರ ತರಬೇಡಿ, ಮೊಳೆಯೂ ಬೇಡ. ಎಲ್ಲಿ, ಯಾವ ಮಗ್ಗುಲಿಗೆ ಬಿದ್ದಿತ್ತು ಅನ್ನುವುದರಿಂದಲೇ ಸಂಶೋಧಕರು ಹಡಗಿನ ಕಥೆ ಕಟ್ಟುತ್ತಾರೆ. ಅದು ನಿಮ್ಮ ಷೋಕೇಸಿಗೆ ಬಂದರೆ ಬರೀ ಒಡಕು ಹೆಂಚು.

ಮೀಸೆ ಇದ್ದರೆ ಮಾಸ್ಕಿನೊಳಗೆ ನೀರು ಬರುತ್ತಂತೆ. ತೆಗೆಯಲೇಬೇಕಾ?
— ಹೋಟೆಲ್ ಕೆಲಸಗಾರ, ಮಾಪುಸಾ

ಬೇಡ. ಮೂಗಿನ ಬುಡದಲ್ಲಿ ಒಂದೆಳೆಯಷ್ಟು ಬೋಳಿಸಿಕೊಂಡರೆ ರಬ್ಬರ್ ಅಂಚು ಚರ್ಮಕ್ಕೆ ಕೂರುತ್ತೆ. ಆದರೂ ಸ್ವಲ್ಪ ನೀರು ಬಂದರೆ ಮಾಸ್ಕಿನ ಮೇಲಂಚು ಒತ್ತಿ ಹಿಡಿದು ಮೂಗಿನಿಂದ ಉಸಿರು ಬಿಡಿ, ಹೊರಗೆ ಹೋಗುತ್ತೆ. ಪೆಟ್ರೋಲಿಯಂ ಜೆಲ್ಲಿ ಮಾತ್ರ ಮೆತ್ತಿಕೊಂಡು ಬರಬೇಡಿ. ಸಿಲಿಕೋನ್ ಹಾಳಾಗುತ್ತೆ, ಮಾಸ್ಕು ನಮ್ಮದು.