ಅಜ್ಜನ ಜೀಪಿಗೆ ಮತ್ತೆ ಮಿಲಿಟರಿ ಬಣ್ಣ ಹೊಡೆಸಬೇಕೇ?

ಪ್ರಶ್ನೆ: ನಮ್ಮ ಅಜ್ಜ ಮಿಲಿಟರಿ ಡಿಸ್ಪೋಸಲ್‌ನಲ್ಲಿ, ಅಂದರೆ ಸೇನೆ ತನಗೆ ಬೇಡವಾದ ಸಾಮಾನು ಮಾರುವಾಗ, ಕೊಂಡಿದ್ದ 1944ರ ಫೋರ್ಡ್ ಜೀಪು ಮೂಡಿಗೆರೆಯ ತೋಟದಿಂದ ಈಗ ಬೆಂಗಳೂರಿನ ನಮ್ಮ ಮನೆಗೆ ಬಂದಿದೆ. ಕೆಂಪು ಬಣ್ಣ, ಚೆನ್ನಾಗಿ ಓಡುತ್ತದೆ. ಹತ್ತಿರದ ಶಾಲೆಯವರು ಎರಡನೇ ಮಹಾಯುದ್ಧದ ಕಾಲದ ಬೆಂಗಳೂರಿನ ಬಗ್ಗೆ ಪ್ರದರ್ಶನ ಮಾಡುತ್ತಿದ್ದಾರೆ. ಆ ಕಾಲದ ಉಡುಪು ತೊಟ್ಟು, ಆ ಕಾಲದ ಸಾಮಾನುಗಳ ನಡುವೆ ನಿಂತು ಮಕ್ಕಳಿಗೆ ವಿವರಿಸಬೇಕು. ಜೀಪಿಗೆ ಮಿಲಿಟರಿ ಹಸಿರು ಹೊಡೆಸಿ, ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆಸಿ, ಡಮ್ಮಿ ಮಷಿನ್‌ಗನ್ ಕೂರಿಸೋಣ ಅಂತ ನನ್ನ ತಮ್ಮ ಹಟ ಹಿಡಿದಿದ್ದಾನೆ. ಮಾಡಬಹುದೇ?
— ಓದುಗರೊಬ್ಬರು, ಹನುಮಂತನಗರ

ಉತ್ತರ: ಪೇಂಟು ಇನ್ನೂ ತಂದಿಲ್ಲ ತಾನೇ ಅಮ್ಮಾ? ತರಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದು ಈ ಬಣ್ಣದ್ದೇ. ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವ ಗಾಡಿಗೂ ಆಲಿವ್ ಗ್ರೀನ್ ಹೊಡೆಯುವ ಹಾಗಿಲ್ಲ.

ಕಾನೂನು ಇರದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ನಿಮ್ಮ ಜೀಪು ಯುದ್ಧ ನೋಡಿದ್ದು ಹೆಚ್ಚೆಂದರೆ ಒಂದೂವರೆ ವರ್ಷ. ಮಿಕ್ಕ ಆಯಸ್ಸೆಲ್ಲ ಕಾಫಿ ಮೂಟೆ, ಬಸುರಿ ಹೆಂಗಸರು, ಮಳೆಗಾಲದ ಕೆಸರು. ಹಸಿರು ಬಳಿದರೆ ಅದೆಲ್ಲ ಅಳಿಸಿಹೋಗುತ್ತದೆ. ಹೋದ ವರ್ಷ ನನ್ನ ಗ್ಯಾರೇಜಿಗೆ ಇಂಥದೇ ಒಂದು ಜೀಪು ಬಂದಿತ್ತು. ಹಿಂದಿನ ಮೂಲೆಯ ಟೂಲ್‌ಬಾಕ್ಸ್ ಮುಚ್ಚಳದ ಒಳಮೈ ಮೇಲೆ ಅಂಗೈಯಗಲ ಜಾಗವನ್ನು 400 ನಂಬರಿನ ವಾಟರ್ ಪೇಪರಿನಿಂದ, ಸೋಪಿನ ನೀರು ಬಿಟ್ಟುಕೊಂಡು ನಿಧಾನವಾಗಿ ಉಜ್ಜಿದೆ. ಮೊದಲು ಕೆಂಪು ಹೋಯಿತು. ಕೆಳಗೆ ಬೂದು ನೀಲಿ. ಇನ್ನೂ ಸ್ವಲ್ಪ ಉಜ್ಜಿದರೆ ಹೊಳಪೇ ಇಲ್ಲದ ಹಸಿರು, ಅದರಡಿಗೆ ತುಕ್ಕು ಹಿಡಿಯದಿರಲೆಂದು ಮೊದಲು ಬಳಿಯುವ ರೆಡ್ ಆಕ್ಸೈಡು. ಮರ ಕೊಯ್ದಾಗ ಕಾಣುವ ಸುತ್ತುಗಳ ಹಾಗೆ ಒಂದರೊಳಗೊಂದು. ಯಜಮಾನರು ಆ ನೀಲಿಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಸುಮ್ಮನಿದ್ದರು. ಅವರು ಚಿಕ್ಕವರಿದ್ದಾಗ ಸ್ಕೂಲಿಗೆ ಬಿಡುತ್ತಿದ್ದಾಗಿನ ಬಣ್ಣವಂತೆ ಅದು.

ನಿಮ್ಮ ಜೀಪಿನಲ್ಲೂ ಅಂಥ ಒಂದು ಕಿಟಕಿ ತೆರೆಯಿರಿ, ಮೇಲೆ ಬಣ್ಣವಿಲ್ಲದ ವಾರ್ನಿಷ್ ಕೊಡಿ. ಮಕ್ಕಳು ಯುದ್ಧದ ಹಸಿರನ್ನೂ ನೋಡುತ್ತಾರೆ, ತೋಟದ ಕೆಂಪನ್ನೂ ನೋಡುತ್ತಾರೆ.

ಬಿಳಿ ನಕ್ಷತ್ರವೂ ಬೇಡ. ಮೂಲತಃ ಅದು ಅಮೆರಿಕನ್ನರ ಗುರುತು. ನಮ್ಮ ಸೇನೆಯ ಡಿವಿಷನ್‌ಗಳಿಗೆ ಬೇರೆ ಬೇರೆ ಚಿಹ್ನೆ ಇದ್ದವು: 4ನೇ ಡಿವಿಷನ್ನಿಗೆ ಕೆಂಪು ಹದ್ದು, 17ನೆಯದಕ್ಕೆ ಕಪ್ಪು ಬೆಕ್ಕು. ನಿಮ್ಮದು ಎಲ್ಲಿ ಓಡಾಡಿತು ಅನ್ನುವುದಕ್ಕೆ ಕಾಗದ ಇಲ್ಲದಿದ್ದರೆ ಬರ್ಮಾಕ್ಕೆ ಹೋಗಿತ್ತು ಅಂತ ಮಕ್ಕಳಿಗೆ ಹೇಳಬೇಡಿ. ಕಾರ್ಡ್‌ಬೋರ್ಡಿನಲ್ಲಿ ಆ ಚಿಹ್ನೆಗಳನ್ನು ಬರೆದು ಪಕ್ಕಕ್ಕಿಡಿ, ಸಾಕು. ಬೆಂಗಳೂರಿನ ಕಥೆ ಹೇಳಲು ಸುಳ್ಳು ಬೇಕಿಲ್ಲ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1943ರ ಹೊತ್ತಿಗೆ ವಿಮಾನ ರಿಪೇರಿಗಾಗಿ ಅಮೆರಿಕದ ವಾಯುಪಡೆಯ ಕೈಯಲ್ಲಿತ್ತು. ಇಟಲಿಯ ಯುದ್ಧಕೈದಿಗಳ ಶಿಬಿರಗಳೂ ಈ ಊರಲ್ಲಿದ್ದವು.

ಮಷಿನ್‌ಗನ್ ಖಂಡಿತ ಬೇಡ. ಡಮ್ಮಿ ಕೋವಿ ಹೊತ್ತ ಗಾಡಿ ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತರೆ ಜನ ಹೆದರುವುದು ಸಹಜ, ಪೊಲೀಸರು ಬರುವುದೂ ಸಹಜ. ಉಡುಪಿನ ವಿಷಯದಲ್ಲೂ ಜೋಪಾನ. ಸೈನಿಕ ಅಂತ ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ. ಈಗಿನ ಸೇನೆಯ ಮಚ್ಚೆ ಬಟ್ಟೆ ಮುಟ್ಟಲೇಬೇಡಿ. ಹಳೇ ಖಾಕಿ ಚಡ್ಡಿ, ಶರಟು ಶಾಲೆಗೆ ಹೋದ ಮೇಲೆ ಹಾಕಿಕೊಳ್ಳಿ. ನನ್ನ ಕೇಳಿದರೆ, ನಿಮ್ಮ ತಮ್ಮ ತೋಟದ ಡ್ರೈವರ್ ವೇಷದಲ್ಲಿ ಬಂದರೆ ಇನ್ನೂ ಚೆನ್ನ.

ನೋಂದಣಿ: ಐವತ್ತು ವರ್ಷ ದಾಟಿದ ಸ್ವಂತ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ, ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷದ ಅವಧಿ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ರಸ್ತೆಗಿಳಿಸಬಹುದು. ದಿನಾ ಓಡಿಸಲು, ಬಾಡಿಗೆಗೆ ಕೊಡಲು ಆಗದು.

ಇನ್ನು ಮಕ್ಕಳ ಸುರಕ್ಷತೆ. ನನ್ನ ಕೈಯಲ್ಲೇ ಆದ ತಪ್ಪು ಹೇಳುತ್ತೇನೆ. ಒಂದು ಶಾಲೆಯ ಮೈದಾನದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಬಿಟ್ಟು ಮಾತಾಡುತ್ತಾ ನಿಂತೆ. ಏಳೆಂಟು ಮಕ್ಕಳು ಹತ್ತಿದರು. ಜೀಪು ಸದ್ದಿಲ್ಲದೆ ಆರು ಅಡಿ ಜಾರಿತು. ಹೂಕುಂಡ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ, ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ, ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಒಂದೇ ಡ್ರಮ್ಮನ್ನು ಹಿಡಿಯುತ್ತದೆ; ಅದಕ್ಕೆ ಎಣ್ಣೆ ತಾಗಿದ್ದರೆ ಮುಗಿಯಿತು. ನಾಲ್ಕೂ ಚಕ್ರಕ್ಕೆ ಮರದ ತುಂಡು ಕೊಡಿ, ಗೇರಿನಲ್ಲಿ ನಿಲ್ಲಿಸಿ, ಬ್ಯಾಟರಿ ವೈರು ಕಳಚಿ. ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಅಡಿಯಲ್ಲೇ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೇ ರಬ್ಬರ್ ಪೈಪನ್ನು ತಿನ್ನುತ್ತದೆ, ಅದನ್ನು ತಾಳುವ ಹೊಸ ಪೈಪು ಹಾಕಿಸಿಯೇ ಹೊರಡಿ. ಬೆಂಕಿ ಆರಿಸುವ ಸಿಲಿಂಡರು ಕೈಗೆಟುಕುವಲ್ಲಿರಲಿ.

ಮಕ್ಕಳಿಗೆ ಏನು ತೋರಿಸಲಿ ಅಂತ ಯೋಚನೆ ಬೇಡ. ಫೋರ್ಡ್‌ನವರು ತಮ್ಮ ಜೀಪಿನ ಬೋಲ್ಟುಗಳ ತಲೆಯ ಮೇಲೂ ಇಂಗ್ಲಿಷಿನ ಎಫ್ ಅಕ್ಷರ ಒತ್ತಿದ್ದರು. ಎಷ್ಟು ಎಫ್ ಸಿಗುತ್ತವೆ ಹುಡುಕಿ ಅಂತ ಬಿಡಿ, ಅರ್ಧ ಗಂಟೆ ಅಲ್ಲಾಡುವುದಿಲ್ಲ. ಆಮೇಲೆ ಬಾನೆಟ್ ಎತ್ತಿ, ಹೆಡ್‌ಲೈಟಿನ ವಿಂಗ್ ನಟ್ಟು ಸಡಿಲಿಸಿ ದೀಪವನ್ನು ಹಿಂದಕ್ಕೆ ಮಗುಚಿ ತೋರಿಸಿ. ರಾತ್ರಿ ಕೆಟ್ಟು ನಿಂತರೆ ಅದೇ ಬೆಳಕಿನಲ್ಲಿ ಎಂಜಿನ್ ರಿಪೇರಿ ಮಾಡಲೆಂದು ಹಾಗೆ ಮಾಡಿದ್ದಾರೆ. ತೋಟದ ಗಾಡಿಯಲ್ಲಿ ಆ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಇವತ್ತೇ ಎಣ್ಣೆ ಬಿಟ್ಟಿಡಿ, ಸ್ಪ್ಯಾನರ್ ಹಾಕಿ ತಿರುಚಬೇಡಿ.