ಎರಡು ಚಿಕ್ಕ ಸ್ಕೀ ರೆಸಾರ್ಟ್‌ಗಳಲ್ಲಿ ಯಾವುದನ್ನು ಆರಿಸಲಿ?

ನೀವು ಕೊಟ್ಟ ವಿವರ ಇಷ್ಟು: ಮಾರ್ಚ್ ಮೊದಲ ವಾರ, ನಾಲ್ಕು ದಿನ. ನೀವಿಬ್ಬರೂ ಹಿಂದೆ ಎರಡು ಸಲ ಸ್ಕೀ ಮಾಡಿದ್ದೀರಿ, ಎಂಟು ವರ್ಷದ ಮಗಳಿಗೆ ಇದೇ ಮೊದಲು. ಒಂದು ರೆಸಾರ್ಟಿನ ಬುಡ 700 ಮೀಟರ್ ಎತ್ತರದಲ್ಲಿದೆ, ತುದಿ 1,300ರಲ್ಲಿ, ಇಳಿಜಾರುಗಳು 22. ಇನ್ನೊಂದರ ಬುಡ 1,500, ತುದಿ 1,800, ಇಳಿಜಾರುಗಳು 11. ಖರ್ಚು ಹೆಚ್ಚುಕಮ್ಮಿ ಒಂದೇ. ಎರಡನೆಯದರ ತುದಿಯಿಂದ ಬುಡಕ್ಕೆ ಇಳಿತ ಬರೀ 300 ಮೀಟರ್, ಅದು ಸಾಕಾ ಎಂಬ ಅನುಮಾನ ನಿಮಗಿದೆ.

ನಾನಾಗಿದ್ದರೆ ಎರಡನೆಯದಕ್ಕೆ ಹೋಗುತ್ತಿದ್ದೆ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ನಿಮ್ಮ ಮೊದಲನೆಯದರಂಥ ಜಾಗವನ್ನೇ ಆರಿಸಿದ್ದೆ. ಉದ್ದದ ಇಳಿಜಾರು, ನೋಡಲು ದೊಡ್ಡ ನಕ್ಷೆ. ಹೋಗಿ ನೋಡಿದರೆ ಮೇಲರ್ಧದಲ್ಲಿ ಮಾತ್ರ ಹಿಮ, ಕೆಳಗರ್ಧದಲ್ಲಿ ಹುಲ್ಲು, ಕೆಸರು. ಪ್ರತಿದಿನ ಸಂಜೆ ಸ್ಕೀ ಕಳಚಿ ಕೈಯಲ್ಲಿ ಹಿಡಿದು, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನಲ್ಲೇ ಕೆಳಗಿಳಿದು ಬಂದೆವು. ಕಲಿಯುವವರ ಜಾಗ ಇದ್ದದ್ದು ಬುಡದಲ್ಲಿ, ಅದನ್ನು ಮುಚ್ಚಿಬಿಟ್ಟಿದ್ದರು. ಜೊತೆಗೆ ಬಂದಿದ್ದ ಅಕ್ಕನ ಮಗ ಮೂರು ದಿನ ಕಿಟಕಿ ಪಕ್ಕ ಕೂತು ಕಳೆದ. ಆ ಮುಖ ನನಗೆ ಈಗಲೂ ನೆನಪಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಲೆಕ್ಕ ಸರಳ. ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ನಿಮ್ಮ ಎರಡು ರೆಸಾರ್ಟ್‌ಗಳ ಬುಡಕ್ಕೂ ಬುಡಕ್ಕೂ 800 ಮೀಟರ್ ವ್ಯತ್ಯಾಸ, ಅಂದರೆ ಐದು ಡಿಗ್ರಿ. ಎರಡೂ ಒಂದೇ ಸೀಮೆಯಲ್ಲಿದ್ದರೆ, ಒಂದೇ ಮೋಡ ಅಲ್ಲಿ ಮಳೆ ಸುರಿಸುವ ದಿನ ಇಲ್ಲಿ ಹಿಮ ಸುರಿಸಬಹುದು. ಜನವರಿ ನಡುವಲ್ಲಾದರೆ ಇದು ಅಷ್ಟು ಕಾಡುವುದಿಲ್ಲ, ಮಾರ್ಚಿನಲ್ಲಿ ಎಲ್ಲವನ್ನೂ ಇದೇ ತೀರ್ಮಾನಿಸುತ್ತದೆ.

"ನಮ್ಮಲ್ಲಿ ಹಿಮ ಮಾಡುವ ಯಂತ್ರಗಳಿವೆ" ಎಂದು ಮೊದಲನೆಯವರು ಹೇಳಬಹುದು. ಇದ್ದರೆ ಒಳ್ಳೆಯದೇ. ಆದರೆ ಆ ಯಂತ್ರಗಳು ಬೇಕೆಂದಾಗ ಕೆಲಸ ಮಾಡುವುದಿಲ್ಲ. ಗಾಳಿಯ ಬಿಸಿ, ತೇವ ಎರಡನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ತಾಪಮಾನ ಸುಮಾರು ಮೈನಸ್ 2ಕ್ಕಿಂತ ಕೆಳಗಿಳಿಯಬೇಕು. ಗಾಳಿ ಒಣಗಿದ್ದರೆ 0 ಡಿಗ್ರಿಯಲ್ಲೂ ಹಿಮ ಮಾಡಬಹುದು, ತೇವ ತುಂಬಿದ್ದರೆ ಮೈನಸ್ 1ರಲ್ಲೂ ಆಗದು. ಹಾಗಾಗಿ ಯಂತ್ರ ಎಷ್ಟಿವೆ ಅನ್ನುವುದಕ್ಕಿಂತ ಯಾವ ಯಾವ ಇಳಿಜಾರಿಗೆ ಹಾಕಿದ್ದಾರೆ, ಚಳಿಗಾಲದ ಮೊದಲ ಭಾಗದಲ್ಲೇ ಅಲ್ಲಿ ದಪ್ಪನೆ ಹಿಮ ಕೂಡಿಹಾಕಿದ್ದಾರಾ ಎಂದು ಕೇಳಿ. ಯಂತ್ರದ ಹಿಮ ಹೊಸದಾಗಿ ಬಿದ್ದ ಹಿಮಕ್ಕಿಂತ ತುಂಬ ಒತ್ತಾಗಿರುತ್ತದೆ, ಬೇಗ ಕರಗುವುದಿಲ್ಲ. ಜನವರಿಯಲ್ಲಿ ಮಾಡಿಟ್ಟದ್ದು ಮಾರ್ಚಿನಲ್ಲಿ ಕಾಪಾಡುತ್ತದೆ.

ಬೆಟ್ಟ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದನ್ನೂ ನೋಡಿ. ಭೂಮಿಯ ಉತ್ತರಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ಹಿಮ ಉಳಿಯುತ್ತದೆ. ದಕ್ಷಿಣಕ್ಕಿದ್ದರೆ ಮಾರ್ಚಿನ ಬಿಸಿಲಿಗೆ ಮಧ್ಯಾಹ್ನ ಗಂಜಿಯಂತಾಗಿ, ರಾತ್ರಿ ಹೆಪ್ಪುಗಟ್ಟಿ, ಬೆಳಗ್ಗೆ ಗಾಜಿನಂತಿರುತ್ತದೆ. ಹೊಸಬರಿಗೆ ಅದಕ್ಕಿಂತ ಕಷ್ಟದ ನೆಲವಿಲ್ಲ. ಇದನ್ನು ರೆಸಾರ್ಟಿನವರ ಬಣ್ಣದ ನಕ್ಷೆ ನೋಡಿ ತಿಳಿಯಲಾಗದು. ಅಂಥ ನಕ್ಷೆಗಳಲ್ಲಿ ಎಲ್ಲ ಇಳಿಜಾರುಗಳೂ ಒಂದೇ ನೋಟಕ್ಕೆ ಸಿಗಲೆಂದು ಬೆಟ್ಟವನ್ನು ಅಲ್ಲಲ್ಲಿ ತಿರುಗಿಸಿ, ಹಿಗ್ಗಿಸಿ ಚಿತ್ರಿಸಿರುತ್ತಾರೆ. ಅಮೆರಿಕದ ಜೇಮ್ಸ್ ನೀಹ್ಯೂಸ್ ಕೈಯಿಂದ ಬರೆದ ಸ್ಕೀ ನಕ್ಷೆಗಳು ನನಗೆ ಪ್ರಾಣ, ಆದರೆ ದಿಕ್ಕು ನೋಡಲು ನಾನು ಉಪಗ್ರಹ ಚಿತ್ರವನ್ನೋ ಎತ್ತರದ ಗೆರೆಗಳಿರುವ ನಕ್ಷೆಯನ್ನೋ ತೆರೆಯುತ್ತೇನೆ.

22 ಇಳಿಜಾರು, 11 ಇಳಿಜಾರು ಎಂಬ ಲೆಕ್ಕವನ್ನು ಬಿಟ್ಟುಬಿಡಿ. ಒಂದೇ ಹಾದಿಯ ಮೇಲ್ಭಾಗಕ್ಕೊಂದು, ಕೆಳಭಾಗಕ್ಕೊಂದು ಹೆಸರಿಟ್ಟು ಎರಡು ಎಂದು ಎಣಿಸುವ ಜಾಗಗಳಿವೆ. ಸುಲಭದ ಹಾದಿಗಳು ಎಷ್ಟು ಅಂತ ಮಾತ್ರ ಎಣಿಸಿ. ಅಲ್ಲೂ ಬಣ್ಣ ನೋಡಿ ಮೋಸಹೋಗಬೇಡಿ. ಉತ್ತರ ಅಮೆರಿಕದಲ್ಲಿ ಸುಲಭಕ್ಕೆ ಹಸಿರು, ನಡುವಿನದಕ್ಕೆ ನೀಲಿ, ಕಷ್ಟಕ್ಕೆ ಕಪ್ಪು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ನೀಲಿಯೇ ಸುಲಭ, ನಡುವಿನದು ಕೆಂಪು. ಒಂದೇ ದೇಶದೊಳಗೂ ಒಂದು ಬೆಟ್ಟದ ನೀಲಿ ಇನ್ನೊಂದು ಬೆಟ್ಟದ ನೀಲಿಯಷ್ಟೇ ಇರಬೇಕೆಂದಿಲ್ಲ.

300 ಮೀಟರ್ ಇಳಿತ ಸಾಕಾ ಎಂಬ ನಿಮ್ಮ ಅನುಮಾನ ನನಗೆ ಅರ್ಥವಾಗುತ್ತದೆ. ನಿಮ್ಮ ಮಟ್ಟಕ್ಕೆ ಧಾರಾಳವಾಗಿ ಸಾಕು. ಸರಾಸರಿ ನೂರಕ್ಕೆ 15ರ ಇಳುಕಲಿನಲ್ಲಿ 300 ಮೀಟರ್ ಇಳಿಯಲು ಎರಡು ಕಿಲೋಮೀಟರ್ ಹಾದಿ ಬೇಕು. ನಾಲ್ಕನೆಯ ಸಲ ಇಳಿಯುವಷ್ಟರಲ್ಲಿ ತೊಡೆ ನಡುಗುತ್ತದೆ, ನೋಡುತ್ತಿರಿ.

ಇನ್ನು ಮಗಳ ವಿಷಯ. ಕಲಿಯುವ ಜಾಗದಲ್ಲಿ ಮ್ಯಾಜಿಕ್ ಕಾರ್ಪೆಟ್ ಇದೆಯಾ ಎಂದು ಕೇಳಲೇಬೇಕು. ಅದು ನೆಲದ ಮೇಲೆ ಮೆಲ್ಲಗೆ ಸಾಗುವ ಪಟ್ಟಿ, ಮಗು ಸ್ಕೀ ಸಮೇತ ಸುಮ್ಮನೆ ನಿಂತರೆ ಮೇಲಕ್ಕೆ ಒಯ್ಯುತ್ತದೆ. ಅದಿಲ್ಲದೆ ಹಿಡಿದುಕೊಂಡವರನ್ನು ಮೇಲಕ್ಕೆ ಎಳೆಯುವ ಹಗ್ಗವೋ, ಟಿ-ಬಾರೋ (ಬೆನ್ನ ಹಿಂದೆ ಒತ್ತಿ ಮೇಲಕ್ಕೆ ಎಳೆಯುವ ಟಿ ಆಕಾರದ ಕೋಲು) ಇದ್ದರೆ, ಮೊದಲ ದಿನ ಅವಳು ಸ್ಕೀ ಕಲಿಯುವುದಕ್ಕಿಂತ ಮೇಲೆ ಹೋಗುವುದನ್ನೇ ಕಲಿಯಬೇಕಾಗುತ್ತದೆ. ದೊಡ್ಡವರ ಹಾದಿಯೇನಾದರೂ ಕಲಿಯುವ ಜಾಗದ ನಡುವೆ ಹಾದುಹೋಗುತ್ತದೆಯಾ ಎಂದೂ ವಿಚಾರಿಸಿ. ಕೆಳಗಿರುವವರಿಗೆ ಅಪಾಯವಾಗದಂತೆ ಮೇಲಿನಿಂದ ಬರುವವರೇ ಹಾದಿ ಆರಿಸಿಕೊಳ್ಳಬೇಕು ಎಂಬುದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಲ್ಲೊಂದು. ಹಾಗಂತ ವೇಗವಾಗಿ ಬರುವವರೆಲ್ಲ ಅದನ್ನು ಪಾಲಿಸುತ್ತಾರೆಂದು ನಂಬಿ ಮಗುವನ್ನು ಬಿಡಲಾಗದು.

ಹಳೆಯ, ನಿಧಾನದ ಚೇರ್‌ಲಿಫ್ಟ್ (ತಂತಿಗೆ ನೇತುಹಾಕಿದ ಕುರ್ಚಿಗಳ ಲಿಫ್ಟ್) ಇದ್ದರೂ ಎರಡನೆಯದನ್ನು ತಳ್ಳಿಹಾಕಬೇಡಿ. ಸೆಕೆಂಡಿಗೆ ಎರಡು ಮೀಟರ್ ಸಾಗುವ ಲಿಫ್ಟ್ 1,200 ಮೀಟರ್ ದೂರಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ, ಐದು ಮೀಟರ್ ಸಾಗುವ ಹೊಸದು ನಾಲ್ಕೇ ನಿಮಿಷ. ಹೊಸಬರ ಕಾಲಿಗೆ ಆ ಹತ್ತು ನಿಮಿಷದ ವಿಶ್ರಾಂತಿ ಬೇಕೇ ಬೇಕು.

ಎರಡು ಸಂಗತಿ ಗೊತ್ತಾದರೆ ಮಾತ್ರ ನಾನು ಮನಸ್ಸು ಬದಲಿಸುತ್ತೇನೆ. ಒಂದು, ಎರಡನೆಯದರಲ್ಲಿ ತುದಿಗೆ ಹೋಗಲು ಇರುವುದು ಒಂದೇ ಲಿಫ್ಟ್, ಅದೂ ಬೋಳು ದಿಣ್ಣೆಯ ಮೇಲೆ. ಜೋರು ಗಾಳಿ ಬಂದರೆ ಚೇರ್‌ಲಿಫ್ಟ್ ನಿಲ್ಲಿಸುತ್ತಾರೆ, ಚಿಕ್ಕ ಜಾಗದಲ್ಲಿ ಅಲ್ಲಿಗೆ ಆ ದಿನ ಮುಗಿಯಿತು. ಎರಡು, ತುದಿಯಿಂದ ಕೆಳಗೆ ಬರಲು ಒಂದಾದರೂ ಸುಲಭದ ಹಾದಿ ಇಲ್ಲದಿರುವುದು. ಇವೆರಡನ್ನೂ ಫೋನ್ ಮಾಡಿ ಕೇಳಿ. ವಸತಿ, ಊಟ ಹೇಗೋ ನಡೆಯುತ್ತದೆ.

ವೆಬ್‌ಕ್ಯಾಮ್ ಇದ್ದರೆ ಇವತ್ತಿನಿಂದಲೇ ಎರಡರದ್ದೂ ಬುಡವನ್ನು ದಿನಾ ಮಧ್ಯಾಹ್ನ ಎರಡು ಗಂಟೆಗೆ ನೋಡುತ್ತಾ ಬನ್ನಿ. ಕೆಲವರು ಹಿಂದಿನ ವರ್ಷಗಳ ಚಿತ್ರಗಳನ್ನೂ ಇಟ್ಟಿರುತ್ತಾರೆ, ಮಾರ್ಚ್ ಮೊದಲ ವಾರದ್ದನ್ನು ಹುಡುಕಿ. ನೋಡಿದ ಮೇಲೆ ಏನು ಕಂಡಿತೆಂದು ಇಲ್ಲೇ ಬರೆಯಿರಿ, ಮತ್ತೊಮ್ಮೆ ಕೂತು ಯೋಚಿಸೋಣ.